ಆನೆಹೆಜ್ಜೆ

ಊರೆಲ್ಲ ಸೊಂಟ ಬಗ್ಗಿಸಿ ಹಾಕಿ ಆಡುವಾಗ
ನಾವೊಂದು ಹತ್ತು ಜನ ಮೇಲೆ ನೋಡುತ್ತಿದ್ದೆವು.
ಅಮ್ಮತ್ತಿ ಪೇಟೆಯಲ್ಲಿ ನನ್ನದು ವೆಲ್ಡಿಂಗ್ ಅಂಗಡಿ.
ಯಾರದೋ ಗೇಟಿಗೆ ತಂದು ಉಳಿದ ಸರಳು ಬಗ್ಗಿಸಿ
ರಿಂಗು ಮಾಡಿದ್ದೆ. ಒಂದು ಕಡೆ ಅರ್ಧ ಇಂಚು ಇಳಿದಿದೆ,
ಈಗಲೂ. ಯಾರಿಗೂ ಹೇಳಿಲ್ಲ.

ಕೋರ್ಟು ಅಂದರೆ ಕುಟ್ಟಪ್ಪನವರ ಕಾಫಿ ಕಣ.
ಡಿಸೆಂಬರಿನಿಂದ ಮಾರ್ಚಿನ ತನಕ ಅದು ಕಾಫಿಗೆ;
ಹಣ್ಣು ಕಪ್ಪಾಗಿ, ಅಲುಗಿಸಿದರೆ ಗಿಲಕಿಯಂತಾಗುವವರೆಗೆ
ಹುಡುಗಿಯರು ಅಂಚಿನಲ್ಲಿ ಕೂತು
ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಾರೆ,
ನೆಲಕ್ಕೆ ತಾಗಿಸದೆ.

ಕಣಕ್ಕೆ ಸಿಮೆಂಟು ಹಾಕಿದ ರಾತ್ರಿ
ಹಲಸಿನ ವಾಸನೆಗೆ ಬಂದ ಒಂಟಿ ಸಲಗ
ಹಸಿಯ ಮೇಲೆ ಒಂದೇ ಒಂದು ಕಾಲಿಟ್ಟು
ಏನನ್ನಿಸಿತೋ, ವಾಪಸು ಹೋಗಿತ್ತು.
ರಿಂಗಿನ ಎಡಕ್ಕೆ, ಮೂರು ಹೆಜ್ಜೆ ಈಚೆ,
ಊಟದ ತಟ್ಟೆಗಿಂತ ಅಗಲದ ಗುಂಡಿ.
ಅಲ್ಲಿ ಪುಟಿಸಿದ ಚೆಂಡು ಯಾರ ಮಾತೂ ಕೇಳದು.
“ಅಲ್ಲಿ ಬಿದ್ದರೆ ಚೆಂಡು ಆನೆಯದು.”
ಇಷ್ಟೇ ನಾನು ಕಲಿಸಿದ ಮೊದಲ ಪಾಠ.

ಚೋಂದಮ್ಮ ಅದನ್ನು ಎರಡೇ ದಿನದಲ್ಲಿ ಕಲಿತಳು.
ಓಡುತ್ತ ಬಂದು, ಚೆಂಡನ್ನು ಎಡಗೈಗೆ ದಾಟಿಸಿ,
ಸಾರು ತುಂಬಿದ ಪಾತ್ರೆ ಹಿಡಿದು ಹೊಸಿಲು ದಾಟುವವಳ ಹಾಗೆ
ಗುಂಡಿಯನ್ನು ಬಳಸಿ ಒಳಗೆ.
ನೋಡಬೇಕಿತ್ತು ನೀವು.

ನೋಡಿದರು. ಮೈಸೂರಿನಿಂದ ಇಬ್ಬರು, ಬಿಳಿ ಕಾರಿನಲ್ಲಿ.
ಹಾಸ್ಟೆಲು, ದಿನಕ್ಕೆರಡು ಮೊಟ್ಟೆ, ಎರಡು ಜೊತೆ ಶೂ,
ಮುಂದೆ ರೈಲ್ವೆಯಲ್ಲಿ ಕೆಲಸ ಆದರೂ ಆಯಿತು.
ನನ್ನ ಹತ್ತಿರ ಇದ್ದದ್ದು ಬನ್ನು, ಚಹಾ.
ನನ್ನ ವೆಲ್ಡಿಂಗ್ ಮೇಜಿನ ಮೇಲೇ ಅವಳಪ್ಪ ಸಹಿ ಹಾಕಿದ.
ಪೆನ್ನು ನನ್ನದು.
“ನಿಮಗೇನು ಬೇಕು?” ಕೇಳಿದರು ಹೋಗುವಾಗ.
ಚೆಂಡು ಅಂದೆ. ಎರಡು ಕಳಿಸಿದರು.
ಒಂದು ಈಗಲೂ ಗಾಳಿ ಹಿಡಿಯುತ್ತದೆ.

ಅವಳಿಗಿಂತ ಮುಂಚೆ ದೇಚಕ್ಕ ಹೋಗಿದ್ದಳು.
ಅದಕ್ಕೂ ಮುಂಚೆ ಲೈನ್ ಮನೆಯ ಚಿಮ್ಮಿ,
ಆರಡಿಗೆ ಎರಡೇ ಇಂಚು ಕಡಿಮೆ.
ಸರಿಯೇ ಅಲ್ಲವೇ ಹೋದದ್ದು?
ಸರಿಯೇ. ಯಾರು ಇಲ್ಲ ಅಂದರು.

ಈ ಅಕ್ಟೋಬರಿನಲ್ಲಿ ಮೈಸೂರಿನ ಮರದ ನೆಲದ ಮೇಲೆ
ಮುಖ ಕಾಣುವಷ್ಟು ಹೊಳಪು.
ಎದುರು ತಂಡದ ನೀಲಿ ಬನಿಯನಿನಲ್ಲಿ ಚೋಂದಮ್ಮ.
ಓಡುತ್ತ ಬಂದಳು, ಎಡಗೈಗೆ ದಾಟಿಸಿದಳು,
ಅಲ್ಲಿ ಇಲ್ಲದ ಆನೆಹೆಜ್ಜೆಯನ್ನು
ಬಳಸಿ ಹೋದಳು.
ಮತ್ತೆ ಬಂದಳು, ಮತ್ತೆ ಬಳಸಿದಳು.
ಅವಳಿಗೇ ಗೊತ್ತಿಲ್ಲ. ಅವಳ ಹೊಸ ಕೋಚಿಗೂ.
ಅಷ್ಟು ದೊಡ್ಡ ಸ್ಟೇಡಿಯಮ್ಮಿನಲ್ಲಿ ನನಗೊಬ್ಬನಿಗೆ.

ಕೊನೆಯ ಟೈಮೌಟು. ನಾವು ಒಂದು ಪಾಯಿಂಟು ಮುಂದೆ,
ಚೆಂಡು ಅವರದು, ಹದಿನೊಂದು ಸೆಕೆಂಡು.
“ಚೋಂದಕ್ಕನನ್ನ ಹೇಗೆ ಸಾರ್ ತಡೆಯೋದು?” ಸಫೂರ ಕೇಳಿದಳು.
ನೀರಿನ ಬಾಟಲಿಯ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.
“ಆನೆಹೆಜ್ಜೆಯ ಆಚೆ ಬದಿ ನಿಂತುಕೊ.”
ನಕ್ಕಳು.
ಆಮೇಲೆ ಅರ್ಥವಾಗಿ, ನಗು ನಿಲ್ಲಿಸಿದಳು.

ಗೆದ್ದೆವು.
ಖಾಲಿ ಕೈಯಲ್ಲಿ ನಿಂತ ಚೋಂದಮ್ಮ
ನೆಲವನ್ನು ನೋಡಿದಳು. ಅಲ್ಲೇನೂ ಇರಲಿಲ್ಲ.
ನನ್ನನ್ನು ನೋಡಿದಳು.
ಮುಖ ಗಂಟಿಕ್ಕಿಕೊಂಡೇ
ಒಂದು ಕೈಯನ್ನು ಸೊಂಡಿಲಿನ ಹಾಗೆ
ಎತ್ತಿ, ಇಳಿಸಿದಳು.

ಟ್ರೋಫಿಯನ್ನು ಬೆಡ್‌ಶೀಟಿನಲ್ಲಿ ಸುತ್ತುತ್ತಿದ್ದೆ.
ಬಿಳಿ ಕಾರಿನವರಲ್ಲೊಬ್ಬರು ಬೆನ್ನು ತಟ್ಟಿದರು:
“ಆ ಹನ್ನೊಂದನೇ ನಂಬರಿನ ಹುಡುಗಿ, ಹೆಸರೇನು?”
ಹೇಳಿದೆ. ‘ಫ’ಕ್ಕೆ ದೀರ್ಘದ ಕೊಂಬು ಎಂದೂ ಹೇಳಿದೆ.
ಈ ಸಲ ಶೂ ಕೇಳಬೇಕು ಎಂಬ ಯೋಚನೆ
ನಾಚಿಕೆಗಿಂತ ಮೊದಲೇ ಬಂದುಬಿಟ್ಟಿತು.

ಹುಣಸೂರಿನಲ್ಲಿ ಬಸ್ಸು ನಿಂತಾಗ ತಲೆ ಎಣಿಸಿದೆ. ಹತ್ತು.
ತಿತಿಮತಿ ದಾಟಿ, ಕಾಡಿನ ಕತ್ತಲಲ್ಲಿ
ಒಬ್ಬರ ಹೆಗಲಿಗೊಬ್ಬರು ಒರಗಿ ಎಲ್ಲರೂ ಮಲಗಿರುವಾಗ
ಎದ್ದು ನಿಂತು, ಕಂಬಿ ಹಿಡಿದು,
ಇನ್ನೊಮ್ಮೆ ಎಣಿಸಿದೆ.